ಭಾವನ ಕಾಲು, ಮೇಷ್ಟ್ರ ಮದ್ದು

ನಮ್ಮ ಭಾವನಿಗೆ ಅಂಗಡಿಯಲ್ಲಿ ಕೂತು ಅಭ್ಯಾಸವೇ ಇರಲಿಲ್ಲ. ಕ್ಷೌರದಂಗಡಿಯಲ್ಲಿ ಕುರ್ಚಿ ಇರುವುದು ಗಿರಾಕಿಗೆ, ನಮಗಲ್ಲ ಎನ್ನುತ್ತಿದ್ದರು. ಬೆಳಿಗ್ಗೆ ಶಟರ್ ಎತ್ತಿದರೆ ಊಟದ ಡಬ್ಬಿ ಬಿಚ್ಚುವವರೆಗೂ ನಿಂತೇ ಇರುವರು. ಎಷ್ಟೋ ದಿನ ಊಟವೂ ನಿಂತೇ ಆಗುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆ ಅಂಗಡಿ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಮುಖ ಕಾಣುವಷ್ಟು ಉಜ್ಜಿಟ್ಟ ಬಿಳಿ ಟೈಲ್ಸ್ ನೆಲ. ಕೂದಲು ಬಿದ್ದ ಹಾಗೆಯೇ ಗುಡಿಸಿಬಿಡುತ್ತಿದ್ದರು. ಒಬ್ಬರ ಕೂದಲ ಮೇಲೆ ಇನ್ನೊಬ್ಬರು ಕಾಲಿಡಬಾರದು ಎನ್ನುವುದು ಅವರ ಲೆಕ್ಕ.

ಅಕ್ಕನ ಮದುವೆಯಾದಾಗ ನಾನು ಎರಡು ಜಡೆ ಹಾಕಿಕೊಳ್ಳುವ ಹುಡುಗಿ. ಅಪ್ಪ ಹೋಗಿ ವರ್ಷ ತುಂಬಿರಲಿಲ್ಲ, ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಅಕ್ಕನ ಪೆಟ್ಟಿಗೆಯ ಜೊತೆ ನಾನೂ ಈ ಮನೆಗೆ ಬಂದೆ. ಒಂದು ಕೊಂಡರೆ ಒಂದು ಉಚಿತ ಸಿಕ್ಕಿತು ಎಂದು ಭಾವ ಎಲ್ಲರ ಮುಂದೆ ನಗುತ್ತಿದ್ದರು. ಆ ನಗುವಿನಿಂದಲೇ ನಾನು ಬಿಟ್ಟಿ ಕೂಳಿನವಳು ಎಂದು ಯಾರೂ ಅನ್ನದ ಹಾಗಾಯಿತು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ನನ್ನನ್ನು ಓದಿಸಿದರು, ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಾಗ ಮೊದಲ ದಿನ ಬಾಗಿಲವರೆಗೂ ಬಂದು ಬಿಟ್ಟು ಹೋದರು. ಅವರ ಎರಡು ಕಾಲಿನ ಮೇಲೆ ನಮ್ಮ ಮೂವರ ಮನೆ ನಿಂತಿತ್ತು. ಇದು ಬಾಯಿಮಾತಿಗೆ ಹೇಳುತ್ತಿರುವುದಲ್ಲ.

ಎಡಗಾಲಿನಲ್ಲಿ ಶುರುವಾದದ್ದು ಯಾವಾಗ ಎಂದು ಅವರಿಗೂ ನೆನಪಿಲ್ಲ. ಮೊಣಕಾಲಿನ ಒಳಬದಿಯಿಂದ ಪಾದದ ಗಂಟಿನವರೆಗೆ ನೀಲಿ ನರ ಎರೆಹುಳುವಿನಂತೆ ಸುರುಳಿ ಸುರುಳಿಯಾಗಿ ಉಬ್ಬಿಕೊಂಡಿತ್ತು. ಸಂಜೆಗೆ ಕಾಲು ಬಾತು, ಕಾಲುಚೀಲ ಬಿಚ್ಚಿದರೆ ಅದರ ಅಚ್ಚು ಚರ್ಮದಲ್ಲಿ ಆಳವಾಗಿ ಉಳಿಯುತ್ತಿತ್ತು. ಆಮೇಲಾಮೇಲೆ ಗಂಟಿನ ಮೇಲಿನ ಚರ್ಮ ಚಹದ ಕಲೆಯ ಬಣ್ಣಕ್ಕೆ ತಿರುಗಿ ತುರಿಸತೊಡಗಿತು. ಡಾಕ್ಟರಿಗೆ ತೋರಿಸಿ ಎಂದು ಅಕ್ಕ ಹೇಳಿ ಹೇಳಿ ಸೋತಳು. ನಾನೇನು ಕಾಲು ತೋರಿಸಿ ಹೊಟ್ಟೆ ಹೊರೆಯಬೇಕೇ, ಪ್ಯಾಂಟಿನ ಒಳಗೆ ಇದೆ ಬಿಡು ಎಂದು ತಳ್ಳಿಹಾಕುತ್ತಿದ್ದರು. ಒಳಗಿನ ಭಯ ಬೇರೆಯೇ ಇತ್ತು. ಡಾಕ್ಟರು ನಿಲ್ಲಬೇಡ ಎಂದುಬಿಟ್ಟರೆ ಏನು ಗತಿ ಎಂಬ ಭಯ ಅದು. ಆಸ್ಪತ್ರೆಗೆ ಹೋಗದಿದ್ದರೆ ಆ ಮಾತು ಕೇಳುವ ಹಾಗೂ ಇಲ್ಲವಲ್ಲ.

ಆದರೆ ಕ್ಷೌರದಂಗಡಿಯಲ್ಲಿ ಗುಟ್ಟು ಉಳಿಯುವುದುಂಟೇ. ಒಂದು ದಿನ ಪ್ಯಾಂಟು ಮಡಚಿ ನೆಲ ತೊಳೆಯುವಾಗ ಬೆಂಚಿನ ಮೇಲಿದ್ದವರೆಲ್ಲ ನೋಡಿದರು. ಅಲ್ಲಿಂದ ಮುಂದೆ ಕುರ್ಚಿಗೊಬ್ಬ ವೈದ್ಯ, ಬೆಂಚಿಗೆ ಮೂವರು. ಒಬ್ಬರು ಜಿಗಣೆ ಬಿಡಿಸು ಎಂದರು. ಇನ್ನೊಬ್ಬರು ಲಟ್ಟಣಿಗೆಯಿಂದ ಕೆಳಗಿನಿಂದ ಮೇಲಕ್ಕೆ ಉರುಳಿಸಿದರೆ ನರ ಒಳಗೆ ಹೋಗುತ್ತದೆ ಎಂದರು. ಲಟ್ಟಣಿಗೆ ಎತ್ತಿಕೊಂಡರೆ ಮೊದಲು ನನ್ನ ಹೆಂಡತಿ ನನ್ನನ್ನು ಹೊರಗೆ ಉರುಳಿಸುತ್ತಾಳೆ ಎಂದು ಭಾವ ನಗಾಡಿ ಬಿಟ್ಟರು.

ಬಿಡದೆ ಹಿಡಿದದ್ದು ಮೇಷ್ಟ್ರ ಮಾತನ್ನು. ಅವರು ನಿವೃತ್ತ ಡ್ರಿಲ್ ಮೇಷ್ಟ್ರು, ಒಂಟಿ ಜೀವ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಕ್ಷೌರ ಇರಲಿ ಬಿಡಲಿ, ದಿನಾ ಬಂದು ಬೆಂಚಿನ ಮೂಲೆಯಲ್ಲಿ ಕೂತು ಪೇಪರ್ ಓದುವರು. ಯಾರಿಗೆ ಏನಾದರೂ ಅವರ ಬಳಿ ಒಂದು ಮದ್ದು ಇರುತ್ತಿತ್ತು. ಹೀಗಾಗಿ ಓಣಿಯವರು ಅವರನ್ನು ಮದ್ದಿನ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ. ನಾನು ಜ್ವರದಲ್ಲಿ ಮಲಗಿದ್ದಾಗ ನಮ್ಮ ಮಾಳಿಗೆಯ ಮನೆಗೆ ಹತ್ತಿ ಬಂದು ನನ್ನ ಪಾಠ ಬರೆದುಕೊಟ್ಟು ಹೋಗಿದ್ದವರು.

ಅವರು ಹೇಳಿದ್ದು ಬೆಳ್ಳುಳ್ಳಿ. ಹಸಿ ಬೆಳ್ಳುಳ್ಳಿ ಜಜ್ಜಿ, ವಿನಿಗರ್‌ನಲ್ಲಿ ಕಲಸಿ, ಉಬ್ಬಿದ ನರದ ಮೇಲೆ ಮೆತ್ತಿ, ಬಟ್ಟೆಯಿಂದ ಕಟ್ಟಬೇಕು. ಕಾಲನ್ನು ಎರಡು ದಿಂಬಿನ ಮೇಲಿಟ್ಟು ಒಂದು ಗಂಟೆ ಮಲಗಬೇಕು. ಬೆಳ್ಳುಳ್ಳಿ ರಕ್ತವನ್ನು ತಿಳಿ ಮಾಡುತ್ತದೆ, ವಿನಿಗರ್ ಕಟ್ಟಿದ್ದನ್ನು ಕರಗಿಸುತ್ತದೆ ಎಂದು ಅವರ ವಿವರಣೆ. ಭಾವ ಮಾಡಿದರು. ಮೊದಲ ವಾರ ಕಾಲು ನಿಜಕ್ಕೂ ಹಗುರವಾಯಿತು. ಸಂಜೆಯ ಬಾವು ಇಳಿಯಿತು. ಮನೆಯೆಲ್ಲ ಬೆಳ್ಳುಳ್ಳಿ ನಾತ. ಅಕ್ಕ ಮೂಗು ಮುಚ್ಚಿಕೊಂಡೇ, ಅಂತೂ ಮೇಷ್ಟ್ರು ಗೆದ್ದರು ಎಂದಳು. ನಾನೂ ಹಾಗೇ ಅಂದುಕೊಂಡೆ.

ಒಂದು ಗಂಟೆಗೆ ಇಷ್ಟು ಗುಣ ಎಂದರೆ ಹಗಲಿಡೀ ಕಟ್ಟಿದರೆ ಎಷ್ಟಿರಬೇಡ ಎಂದು ಭಾವನಿಗೆ ಅನ್ನಿಸಿದ್ದು ಅಲ್ಲಿಂದ. ದಿಂಬು ಬಿಟ್ಟರು, ಮಲಗುವುದನ್ನು ಬಿಟ್ಟರು. ಬೆಳ್ಳುಳ್ಳಿ ಜಜ್ಜಿ ಕಟ್ಟಿ, ಮೇಲೆ ಮೊಣಕಾಲಿನ ಕೆಳಗೆ ಒಂದು ಬಟ್ಟೆಯನ್ನು ಬಿಗಿಯಾಗಿ ಬಿಗಿದು, ಪ್ಯಾಂಟು ಹಾಕಿ ಅಂಗಡಿಗೆ ಹೋಗತೊಡಗಿದರು. ಉರಿಯಿತು. ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ ಎಂದುಕೊಂಡರು. ಗುಳ್ಳೆ ಎದ್ದಿತು, ಒಡೆಯಿತು, ನೀರು ಸೋರಿತು. ಕೆಟ್ಟ ನೀರು ಹೊರಗೆ ಬರುತ್ತಿದೆ, ಬರಲಿ ಬಿಡು ಎಂದರು ಮೇಷ್ಟ್ರು. ಅವರಿಗೆ ಕಾಲನ್ನು ತೋರಿಸಿರಲಿಲ್ಲ, ಬಾಯಲ್ಲಿ ಹೇಳಿದ್ದಷ್ಟೇ. ಮನೆಯಲ್ಲಿ ಅದೂ ಹೇಳಲಿಲ್ಲ. ಅಕ್ಕ ಮಲಗಿದ ಮೇಲೆ ಬಟ್ಟೆ ಬದಲಿಸುವುದು, ಅಂಗಡಿಯ ಪೌಡರನ್ನು ಕಾಲಿಗೆಲ್ಲ ಸುರಿದುಕೊಳ್ಳುವುದು. ಈ ವಯಸ್ಸಿನಲ್ಲಿ ಯಾರಿಗೋಸ್ಕರ ಈ ಘಮಘಮ ಎಂದು ಅಕ್ಕ ಛೇಡಿಸಿದ್ದಳು. ಅವರು ನಕ್ಕು ಮಾತು ತೇಲಿಸಿದ್ದರು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಅಂಗಡಿಯಲ್ಲಿದ್ದ ಇಬ್ಬರ ಬಾಯಿಂದ ಕೇಳಿ ಕೂಡಿಸಿಕೊಂಡದ್ದು.

ಅವತ್ತು ಬೆಳಿಗ್ಗೆ ಕುರ್ಚಿಯಲ್ಲಿದ್ದವರು ಒಬ್ಬ ಬಸ್ ಡ್ರೈವರ್. ಮಧ್ಯಾಹ್ನದ ಪಾಳಿ, ಅದಕ್ಕೆ ಮುಂಚೆ ಗಡ್ಡ ತೆಗೆಸಿಕೊಳ್ಳಲು ಬಂದಿದ್ದರು. ಮಾತು ಕಡಿಮೆಯ ಮನುಷ್ಯ. ಭಾವ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಸುತ್ತಿ ಬರುವಾಗ ಡ್ರೈವರ್ ಕನ್ನಡಿಯಲ್ಲಿ ನೆಲವನ್ನು ನೋಡಿದರು. ಬಿಳಿ ನೆಲದ ಮೇಲೆ ಕುರ್ಚಿಯ ಸುತ್ತ ಕೆಂಪು ಹೆಜ್ಜೆಗಳು.

"ಅಣ್ಣ, ಬ್ಲೇಡು ಕೆಳಗಿಡಿ," ಎಂದರಂತೆ. "ನಿಮ್ಮ ಕಾಲು ನೋಡ್ಕೊಳ್ಳಿ."

ಭಾವ ನೋಡಿಕೊಂಡರು. ನೋವೇ ಇರಲಿಲ್ಲವಂತೆ. ಚಪ್ಪಲಿಯೊಳಗೆ ಬೆಚ್ಚಗೆ ಆಗಿದ್ದಕ್ಕೆ ನೀರಿನ ಮಗ್ಗು ಚೆಲ್ಲಿರಬೇಕು ಎಂದುಕೊಂಡಿದ್ದರು. ಪ್ಯಾಂಟಿನ ಅಂಚು ಎತ್ತಿದರೆ ಬೆಳ್ಳುಳ್ಳಿಯ ಪಟ್ಟಿ ಜಾರಿತ್ತು, ಪಾದದ ಗಂಟಿನ ಹತ್ತಿರ ನರ ಒಡೆದು ರಕ್ತ ಸಣ್ಣ ಧಾರೆಯಾಗಿ ಚಿಮ್ಮುತ್ತಿತ್ತು. ತಲೆ ತಿರುಗಿ ಕನ್ನಡಿಯ ಕಟ್ಟೆಗೆ ಕೈ ಕೊಟ್ಟರು. ಅಷ್ಟರಲ್ಲಿ ಡ್ರೈವರ್ ಎದ್ದು ಅವರನ್ನು ತಬ್ಬಿ ಹಿಡಿದು ನೆಲದ ಮೇಲೆ ಮಲಗಿಸಿದರು. ಡಿಪೋದಲ್ಲಿ ಅಪಘಾತವಾದರೆ ಏನು ಮಾಡಬೇಕೆಂದು ಅವರಿಗೆಲ್ಲ ಕಲಿಸಿರುತ್ತಾರಂತೆ. ಮೇಷ್ಟ್ರು ಬೆಂಚಿನಿಂದ ಎದ್ದು, ಕಾಫಿಪುಡಿ ತರುತ್ತೇನೆ, ಮೆತ್ತಿದರೆ ರಕ್ತ ನಿಲ್ಲುತ್ತದೆ ಎಂದು ಬಾಗಿಲಿಗೆ ಓಡಿದರು.

"ಏನೂ ಹಾಕೋದು ಬೇಡ," ಡ್ರೈವರ್ ದನಿ ಏರಿಸದೆ ಹೇಳಿದರು. "ಮೇಷ್ಟ್ರೇ, ನೀವಿಲ್ಲಿ ಬನ್ನಿ. ಈ ಕಾಲನ್ನ ನಿಮ್ಮ ಹೆಗಲ ಮೇಲೆ ಇಟ್ಕೊಳ್ಳಿ. ನಾನು ಹೇಳೋವರೆಗೂ ಇಳಿಸಬೇಡಿ."

ಮೇಷ್ಟ್ರು ಮೊಣಕಾಲೂರಿ ಕೂತು ಭಾವನ ಕಾಲನ್ನು ಹೆಗಲಿಗೇರಿಸಿಕೊಂಡರು. ಡ್ರೈವರ್ ಮೊಣಕಾಲಿನ ಕೆಳಗಿದ್ದ ಬಿಗಿ ಕಟ್ಟನ್ನು ಕತ್ತರಿಸಿ ಬಿಸಾಡಿ, ಒಗೆದ ಟವೆಲ್ ಒಂದನ್ನು ಮಡಚಿ ರಕ್ತ ಬರುವ ಜಾಗದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದರು. ಮತ್ತೆ ಮತ್ತೆ ತೆಗೆದು ನೋಡಲಿಲ್ಲ. ರಕ್ತ ನಿಂತಿತು. ಆಗಲೇ ಮೇಷ್ಟ್ರಿಗೆ ಆ ಕಾಲು ಹತ್ತಿರದಿಂದ ಕಂಡದ್ದು. ತಮ್ಮ ಮೂಗಿನ ಮುಂದೆಯೇ ಇತ್ತು. ಅಂಗೈ ಅಗಲದ ಹುಣ್ಣು, ಅಂಚಿನಲ್ಲಿ ಸುಟ್ಟ ಚರ್ಮ, ಸಂದಿನಲ್ಲಿ ಬೆಳ್ಳುಳ್ಳಿಯ ಚೂರು. ಅವರು ಆ ಕಾಲನ್ನು ಎರಡೂ ಕೈಯಿಂದ ಇನ್ನಷ್ಟು ಗಟ್ಟಿಯಾಗಿ ಹಿಡಿದರೆಂದು ಡ್ರೈವರ್ ಹೇಳಿದರು.

ಸುದ್ದಿ ಕೇಳಿ ನಾನು ಆಸ್ಪತ್ರೆಗೆ ಓಡಿದೆ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಒಣಗಿದ ನೊರೆ, ಅಂಗಿಯ ತುಂಬ ರಕ್ತ, ಹೀಗೊಬ್ಬರು ಬಾಗಿಲ ಬಳಿ ನಿಂತಿದ್ದರು. ಇದ್ಯಾರೋ ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಎಂದುಕೊಂಡು ದೂರ ಸರಿದೆ. ಅವರೇ ಬಂದು, ನೀವು ಅವರ ನಾದಿನಿ ತಾನೇ, ಹೆದರಬೇಡಿ, ಒಳಗೆ ಅವರು ಮಾತಾಡ್ತಾ ಇದ್ದಾರೆ ಎಂದರು. ಪಾಳಿಯನ್ನು ಬೇರೆಯವರಿಗೆ ಬದಲಿಸಿಕೊಂಡು, ಅಕ್ಕ ಬಂದು ತಲುಪುವವರೆಗೂ ಅದೇ ಅರ್ಧ ಗಡ್ಡದಲ್ಲಿ ಕೂತಿದ್ದರು. ಯಾರು ತಿರುಗಿ ನೋಡಿದರೂ ಮುಜುಗರಪಡಲಿಲ್ಲ. ಇವತ್ತಿಗೂ ಆ ಮುಖ ನೆನಪಾದರೆ ನನಗೆ ನಗುವೂ ಬರುತ್ತದೆ, ಕೈ ಮುಗಿಯಬೇಕು ಅಂತಲೂ ಅನ್ನಿಸುತ್ತದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಬೈಯುತ್ತಾರೆಂದು ನಾವೆಲ್ಲ ತಯಾರಾಗಿದ್ದೆವು, ಬೈಯಲಿಲ್ಲ. ಕಾಲಿನ ರಕ್ತ ಮೇಲಕ್ಕೆ ಹತ್ತಬೇಕು, ದಾರಿಯಲ್ಲಿ ಒಂದೇ ಕಡೆಗೆ ತೆರೆಯುವ ಪುಟ್ಟ ಪುಟ್ಟ ಬಾಗಿಲುಗಳಿವೆ, ಅವು ಸಡಿಲವಾದರೆ ಹತ್ತಿದ ರಕ್ತ ಜಾರಿ ಕೆಳಗೇ ನಿಲ್ಲುತ್ತದೆ, ಹಾಗೆ ನಿಂತೇ ನರ ಉಬ್ಬುತ್ತದೆ ಎಂದು ವಿವರಿಸಿದರು. ಹೊರಗಿನಿಂದ ಏನು ಮೆತ್ತಿದರೂ ಆ ಬಾಗಿಲಿಗೆ ತಲುಪುವುದಿಲ್ಲ. ಮೊದಲೇ ಸೊರಗಿದ್ದ ಚರ್ಮ ಮಾತ್ರ ಬೆಳ್ಳುಳ್ಳಿಯ ಖಾರಕ್ಕೆ ಬೆಂದುಹೋಗಿತ್ತು. ಹುಣ್ಣಾಗಿ ತೆಳುವಾದ ಜಾಗದಲ್ಲೇ ನರ ಒಡೆದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ಎಂದಳು ಅಕ್ಕ.

"ಆದ್ರೆ ಮೊದಲ ವಾರ ನನಗೆ ಗುಣ ಕಂಡಿತ್ತಲ್ಲ, ಡಾಕ್ಟ್ರೇ?" ಭಾವನಿಗೆ ಅದೊಂದು ಬಗೆಹರಿಯಲಿಲ್ಲ.

"ಆಗ ಪಟ್ಟಿ ಕಟ್ಕೊಂಡು ಏನ್ ಮಾಡ್ತಿದ್ರಿ?"

"ದಿಂಬಿನ ಮೇಲೆ ಕಾಲಿಟ್ಟು ಮಲಗ್ತಿದ್ದೆ."

"ಹಾಗಾದ್ರೆ ಗುಣ ಕೊಟ್ಟಿದ್ದು ದಿಂಬು. ಹೆಸರು ಬಂದಿದ್ದು ಬೆಳ್ಳುಳ್ಳಿಗೆ," ಎಂದರು ಡಾಕ್ಟರಮ್ಮ.

ಪರದೆಯ ಆಚೆ ನಿಂತಿದ್ದ ಮೇಷ್ಟ್ರು ಇದನ್ನೆಲ್ಲ ಕೇಳಿಸಿಕೊಂಡರು. ನಾವು ಹೊರಬಂದಾಗ ಅವರು ಅಲ್ಲಿರಲಿಲ್ಲ.

ಆಮೇಲೆ ಅವರು ಅಂಗಡಿಯ ಕಡೆ ಸುಳಿಯಲಿಲ್ಲ. ಅಂಗಡಿ ಮುಚ್ಚಿತ್ತು ಎನ್ನಿ, ಮನೆಗೂ ಬರಲಿಲ್ಲ. ಅಕ್ಕನಿಗೆ ಅವರ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಮದ್ದು ಹೇಳುವ ಚಪಲಕ್ಕೆ ನನ್ನ ಗಂಡನ ಪ್ರಾಣ ಹೋಗುತ್ತಿತ್ತು ಎನ್ನುವಳು. ಭಾವ ಮಂಚದ ಮೇಲೆ ಕಾಲೆತ್ತಿಕೊಂಡು ಮಲಗಿ ಕೇಳಿಸಿಕೊಂಡು ಇರುತ್ತಿದ್ದರು. ಒಂದು ದಿನ ಅವಳ ಮಾತು ಮುಗಿಯುವವರೆಗೂ ಕಾದು ಹೇಳಿದರು.

"ಅವರು ಹೇಳಿದ್ದು ಒಂದು ಗಂಟೆ. ದಿನವಿಡೀ ಕಟ್ಕೊಂಡಿದ್ದು ನಾನು, ಮುಚ್ಚಿಟ್ಟಿದ್ದೂ ನಾನು. ಅವರು ತೋರಿಸಿದ್ದು ತಪ್ಪು ದಾರಿ, ನಿಜ. ಆದ್ರೆ ನನಗೆ ಕೇಡಾಗಲಿ ಅಂತ ಹೇಳ್ಲಿಲ್ಲ ಕಣೇ. ಅವತ್ತು ನನ್ನ ಕಾಲು ಹೊತ್ತಿದ್ದೂ ಅವರ ಹೆಗಲೇ."

ಅಕ್ಕ ಮರುದಿನ ನನ್ನನ್ನು ಕರೆದು, ಹೋಗಿ ಮೇಷ್ಟ್ರನ್ನು ಕರ್ಕೊಂಡು ಬಾ, ಡ್ರೆಸ್ಸಿಂಗಿಗೆ ಇವರ ಜೊತೆ ಯಾರಾದರೂ ಹೋಗಬೇಕು, ನಿನಗೂ ನನಗೂ ಕೆಲಸ ಇದೆ ಎಂದಳು. ಕ್ಷಮಿಸುವುದಕ್ಕೆ ಅವಳಿಗೆ ಬರುವ ಭಾಷೆ ಅದೊಂದೇ. ನಾನು ಹೋದಾಗ ಮೇಷ್ಟ್ರು ಗಡ್ಡ ಬಿಟ್ಟುಕೊಂಡು ಕೂತಿದ್ದರು. ಬೇರೆ ಕ್ಷೌರದಂಗಡಿಗೆ ಹೋಗಲು ಮನಸ್ಸಾಗಲಿಲ್ಲವಂತೆ.

ಹೀಗೆ ಪ್ರತಿ ವಾರ ಅವರಿಬ್ಬರೂ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ಹೋಗತೊಡಗಿದರು. ಅಲ್ಲಿದ್ದ ಸಿಸ್ಟರ್ ದಪ್ಪ ಕನ್ನಡಕದ, ಖಡಕ್ ಮಾತಿನ ಹೆಂಗಸು. ಮೊದಲು ಪುಟ್ಟ ಯಂತ್ರವೊಂದನ್ನು ಪಾದಕ್ಕೆ ಹಿಡಿದು ಒಳಗೆ ರಕ್ತ ಸರಿಯಾಗಿ ಇಳಿದು ಬರುತ್ತಿದೆಯೇ ಎಂದು ಕೇಳಿಸಿಕೊಂಡರು. ಆಮೇಲೆ ಹುಣ್ಣು ತೊಳೆದು, ಬೆರಳ ಬುಡದಿಂದ ಮೊಣಕಾಲಿನವರೆಗೆ ಎಳೆದರೆ ಹಿಗ್ಗುವ ಪಟ್ಟಿಯನ್ನು ಸುತ್ತಿದರು. ನಾನೂ ಬಿಗಿಯಾಗಿಯೇ ಕಟ್ಟಿದ್ದೆನಲ್ಲ ಸಿಸ್ಟರ್ ಎಂದು ಭಾವ ಕೇಳಿದರಂತೆ. ನೀವು ಚೀಲದ ಬಾಯಿ ಕಟ್ಟಿದ ಹಾಗೆ ಮೇಲೆ ಕಟ್ಟಿದ್ರಿ, ಕೆಳಗಿದ್ದ ರಕ್ತ ಹತ್ತೋದು ಎಲ್ಲಿಂದ, ಇದು ಕೆಳಗೆ ಬಿಗಿ, ಮೇಲೆ ಹೋದ ಹಾಗೆ ಸಡಿಲ, ಇದನ್ನೂ ಪರೀಕ್ಷೆ ಮಾಡದೆ ಯಾರೂ ಕಟ್ಟಬಾರದು ಎಂದು ಸಿಸ್ಟರ್ ಗದರಿದರು.

ಭಾವ ಮನೆಗೆ ಬಂದು ಆ ಕೈಯನ್ನೇ ಹೊಗಳುವರು. ಒಂದು ಸುತ್ತು ಇನ್ನೊಂದರ ಮೇಲೆ ಎಷ್ಟು ಬರಬೇಕೋ ಅಷ್ಟೇ, ಒಂದು ನೆರಿಗೆ ಇಲ್ಲ, ಇಷ್ಟು ವರ್ಷ ಕತ್ತರಿ ಹಿಡಿದ ನನಗೆ ಕೈ ಅಂದರೆ ಏನು ಅಂತ ಗೊತ್ತು ಎನ್ನುವರು. ಹುಣ್ಣು ಬೇಗ ಮಾಯಲಿಲ್ಲ. ತಿಂಗಳುಗಟ್ಟಲೆ ಹಿಡಿಯಿತು. ನಡುವೆ ಒಮ್ಮೆ ಕೀವಾಗಿ ಜ್ವರ ಬಂತು, ಮಾತ್ರೆ ನುಂಗಿದರು. ಭಾವ ಎದೆಗುಂದಿ, ಇನ್ನು ಈ ಕಾಲು ಇಷ್ಟೇ ಎಂದಾಗ ಸಿಸ್ಟರ್ ಕಾಗದದ ಮೇಲೆ ಹುಣ್ಣಿನ ಸುತ್ತಳತೆ ಬರೆದು ಹಿಂದಿನದರ ಪಕ್ಕ ಹಿಡಿದು ತೋರಿಸಿದರಂತೆ. ಕೂದಲೆಳೆಯಷ್ಟು ಸಣ್ಣದಾಗಿತ್ತು. ಕೂದಲೆಳೆ ಅಂದರೆ ನನಗೆ ಕಮ್ಮಿ ಅಲ್ಲ ಸಿಸ್ಟರ್, ನನ್ನ ಅನ್ನವೇ ಅದು ಎಂದು ಭಾವ ನಕ್ಕರಂತೆ. ಖಡಕ್ ಸಿಸ್ಟರ್ ನಕ್ಕದ್ದನ್ನು ಮೇಷ್ಟ್ರು ಆ ದಿನ ಮೊದಲ ಸಲ ನೋಡಿದರು.

ಹುಣ್ಣು ಒಣಗುತ್ತ ಬಂದಾಗ ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಕೆಟ್ಟ ನರವನ್ನು ಲೇಸರ್‌ನಿಂದ ಒಳಗಿನಿಂದಲೇ ಮುಚ್ಚಿಸಿದರು. ಮೊದಲೇ ಬಂದಿದ್ದರೆ ಹುಣ್ಣಿನ ಈ ಪಾಡೇ ಬೇಕಿರಲಿಲ್ಲ ಎಂದರು, ಅದೂ ಚುಚ್ಚುವ ಹಾಗಲ್ಲ. ಅವತ್ತೇ ಭಾವ ನಡೆದು ಮನೆಗೆ ಬಂದರು. ಬಾಗಿಲಲ್ಲಿ ಅಕ್ಕನನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು: ನಿಲ್ಲಬೇಡ ಅಂತ ಅವರು ಹೇಳಲಿಲ್ಲ, ಸುಮ್ಮನೆ ಒಂದೇ ಕಡೆ ನಿಲ್ಲಬೇಡ ಅಂದರು. ಎಷ್ಟು ವರ್ಷ ಹೆದರಿದ್ದ ಮಾತು ಇಷ್ಟು ಚಿಕ್ಕದೇ ಎಂದು ಆಮೇಲೆ ಮಂಚದ ಮೇಲೆ ಕೂತು ಕಣ್ಣೊರೆಸಿಕೊಂಡರು.

ಅಂಗಡಿ ಮತ್ತೆ ತೆರೆದಾಗ ಒಳಗೆ ಚಕ್ರದ ಎತ್ತರದ ಸ್ಟೂಲು ಬಂದಿತ್ತು. ಕೂತು ಕತ್ತರಿಸುವುದನ್ನು ಭಾವ ಹೊಸದಾಗಿ ಕಲಿಯಬೇಕಾಯಿತು. ಮೊದಮೊದಲು ಕೆಲವರ ಒಂದು ಕಡೆಯ ಕಿವಿಪಕ್ಕದ ಕೂದಲು ಮೇಲೆ, ಇನ್ನೊಂದು ಕೆಳಗೆ. ಯಾರೂ ದೂರಲಿಲ್ಲ. ಬೇರೆ ಅಂಗಡಿಗೆ ಹೋದವರೂ ತಿರುಗಿ ಬಂದರು. ಡ್ರೈವರ್ ಬಂದ ದಿನ ಭಾವ ಕಾಲಿಗೆ ಬೀಳಲು ಹೋದರು. ಅವರು ತಡೆದು, ಅಣ್ಣ, ನನ್ನ ಗಂಟಲು ದಿನಾ ನಿಮ್ಮ ಬ್ಲೇಡಿನ ಕೆಳಗೆ ಇಡ್ತೀನಿ, ನಿಮ್ಮ ಕಾಲು ಒಂದು ದಿನ ನನ್ನ ಕೈಲಿತ್ತು, ಅಷ್ಟೇ ತಾನೇ ಎಂದರು. ಅವರು ಅಷ್ಟು ಉದ್ದದ ಮಾತಾಡಿದ್ದು ನಾನು ಮತ್ತೆ ಕೇಳಿಲ್ಲ.

ಬೆಂಚಿನ ಮೇಲೆ ಈಗಲೂ ಮದ್ದುಗಳು ಹುಟ್ಟುತ್ತವೆ, ಅದು ನಿಲ್ಲುವಂಥದ್ದಲ್ಲ. ಯಾರಾದರೂ ಕಾಲಿನ ನರ ಎಂದರೆ ಭಾವ ಕತ್ತರಿ ಕೆಳಗಿಟ್ಟು ಪ್ಯಾಂಟು ಮೇಲೆತ್ತಿ, ಕಾಲುಚೀಲ ಜಾರಿಸಿ ಆ ನುಣುಪಾದ ಕಂದು ಕಲೆಯನ್ನು ತೋರಿಸುತ್ತಾರೆ. ಒಮ್ಮೆ ಹೂ ಮಾರುವ ಹೆಂಗಸು ಮೊಮ್ಮಗನ ಕೂದಲು ಕತ್ತರಿಸಿಸಲು ಬಂದಳು. ಅವಳ ಕಾಲಲ್ಲೂ ಅದೇ ಉಬ್ಬು, ಅದರ ಮೇಲೆ ಯಾವುದೋ ಎಲೆಯ ಕಟ್ಟು. ಭಾವ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಪೇಪರ್ ಮಡಚಿದರು. ಅಮ್ಮ, ಆ ಎಲೆ ಬಿಚ್ಚಿ, ನಾಳೆ ನಾನೇ ಕರ್ಕೊಂಡು ಹೋಗ್ತೀನಿ, ಅಲ್ಲಿ ಸಿಸ್ಟರ್ ಸ್ವಲ್ಪ ಗದರ್ತಾರೆ, ತಲೆಕೆಡಿಸಿಕೊಳ್ಳಬೇಡಿ ಎಂದರು. ಹೇಳಿದ ಹಾಗೆ ಕರೆದುಕೊಂಡೂ ಹೋದರು. ಓಣಿಯವರು ಅವರನ್ನು ಇನ್ನೂ ಮದ್ದಿನ ಮೇಷ್ಟ್ರು ಎಂದೇ ಕರೆಯುತ್ತಾರೆ. ಅವರ ಹತ್ತಿರ ಈಗ ಉಳಿದಿರುವ ಮದ್ದು ಆಸ್ಪತ್ರೆಯ ದಾರಿಯೊಂದೇ.

ದಿನಾ ನಡೆಯಬೇಕು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಸಂಜೆ ಭಾವ ಅಂಗಡಿಯನ್ನು ಸ್ವಲ್ಪ ಬೇಗ ಮುಚ್ಚುತ್ತಾರೆ. ಅಕ್ಕನೂ ಜೊತೆಗೆ ಹೊರಡುತ್ತಾಳೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇಬ್ಬರೂ ಏನೂ ಕೆಲಸವಿಲ್ಲದೆ ಒಟ್ಟಿಗೆ ಬೀದಿಯಲ್ಲಿ ನಡೆದದ್ದೇ ಇರಲಿಲ್ಲ. ಭಾವ ಅವತ್ತು ಬಂದ ಗಿರಾಕಿಗಳ ಕಥೆ ಹೇಳುತ್ತಾರೆ, ಅಕ್ಕ ಅರ್ಧದಲ್ಲೇ ತಡೆದು ತನ್ನದನ್ನು ಹೇಳುತ್ತಾಳೆ. ಹೋದ ವಾರ ನಾನು ಕೆಲಸದಿಂದ ಬರುವಾಗ ಬೀದಿಯ ತಿರುವಿನಲ್ಲಿ ಇಬ್ಬರೂ ಎದುರಾದರು. ಇವಳ ಹೆಜ್ಜೆಗೆ ಸಮ ಹಾಕುವುದೇ ಕಷ್ಟ, ನೋಡು ಪುಟ್ಟಿ, ಓಡಿಸಿಯೇ ಬಿಡ್ತಾಳೆ ಎಂದು ಭಾವ ದೂರಿದರು. ಅಕ್ಕ ನಿಲ್ಲಲಿಲ್ಲ. ಭಾವ ನನ್ನ ಕೈಗೆ ತರಕಾರಿಯ ಚೀಲ ಕೊಟ್ಟು, ಅವಳ ಹಿಂದೆ ದಾಪುಗಾಲು ಹಾಕುತ್ತ ಹೋದರು.